ನೆಲೆ ತಿಳಿಯದ ಆಯುಧ

2018ರ ಅಕ್ಟೋಬರ್ ಕೊನೆಯಲ್ಲಿ ಹಾಂಗ್‌ಕಾಂಗ್‌ನ ವಿಕ್ಟೋರಿಯಾ ಬಂದರಿನ ಮೇಲೆ ಡ್ರೋನ್ ಪ್ರದರ್ಶನವೊಂದು ನಡೆಯುತ್ತಿತ್ತು. ದೀಪ ಹೊತ್ತ ಡ್ರೋನ್‌ಗಳು ಆಕಾಶದಲ್ಲಿ ಚಿತ್ತಾರ ಬಿಡಿಸುತ್ತಿದ್ದಾಗಲೇ 46 ಡ್ರೋನ್‌ಗಳು ಉದುರಿಬಿದ್ದವು. ಯಾರೋ ಜಿಪಿಎಸ್ ಸಿಗ್ನಲ್‌ಗೆ ಅಡ್ಡಿಪಡಿಸಿದ್ದರು ಎಂದು ಸಂಘಟಕರು ಹೇಳಿದರು. ಅಂಥ ಪ್ರದರ್ಶನದ ಡ್ರೋನ್‌ಗಳಿಗೆ ಸುತ್ತಮುತ್ತ ಏನಿದೆ ಎಂಬುದು ಗೊತ್ತಿರಬೇಕಾಗಿಲ್ಲ. ಯಾವ ಕ್ಷಣಕ್ಕೆ ಯಾವ ಬಿಂದುವಿನಲ್ಲಿ ಇರಬೇಕು ಎಂಬ ಪಟ್ಟಿ ಮೊದಲೇ ಸಿದ್ಧವಿರುತ್ತದೆ. ಆ ಬಿಂದು ಎಲ್ಲಿದೆ ಎಂಬುದನ್ನು ಉಪಗ್ರಹ ಹೇಳುತ್ತಿರುತ್ತದೆ. ಉಪಗ್ರಹದ ದನಿ ನಿಂತರೆ ಪಟ್ಟಿಗೆ ಅರ್ಥವೇ ಇರುವುದಿಲ್ಲ.

ಆ ದನಿಯಾದರೂ ಎಷ್ಟು ಸಣ್ಣದು! ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಹೊರಟ ಸಿಗ್ನಲ್ ನಮ್ಮ ಕೈಯಲ್ಲಿರುವ ಮೊಬೈಲ್ ಮುಟ್ಟುವ ಹೊತ್ತಿಗೆ ಉಳಿಯುವ ಶಕ್ತಿ, ಒಂದು ವ್ಯಾಟನ್ನು ಒಂದರ ಮುಂದೆ ಹದಿನಾರು ಸೊನ್ನೆ ಬರೆದಷ್ಟು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನ ಆಸುಪಾಸು. ಅದೇ ತರಂಗಾಂತರದಲ್ಲಿ ನೆಲದ ಮೇಲಿಂದ ಯಾರಾದರೂ ಗದ್ದಲವೆಬ್ಬಿಸಿದರೆ ಅದು ಕೇಳಿಸದೆ ಹೋಗುತ್ತದೆ. ಇದು ಜಾಮಿಂಗ್. ಗದ್ದಲದ ಬದಲು ಉಪಗ್ರಹದ್ದೇ ಎನ್ನಿಸುವಂಥ ಸುಳ್ಳು ಸಿಗ್ನಲ್ ಕಳಿಸಿ, ಯಂತ್ರ ಇನ್ನೆಲ್ಲೋ ಇದೆಯೆಂದು ಅದನ್ನೇ ನಂಬಿಸುವುದು ಸ್ಪೂಫಿಂಗ್. ನಮಗೇನೂ ಇದು ದೂರದ ಸಂಗತಿಯಲ್ಲ. 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಅಮೃತಸರ ಮತ್ತು ಜಮ್ಮು ಗಡಿಭಾಗದಲ್ಲಿ ವಿಮಾನಗಳ ಜಿಪಿಎಸ್‌ಗೆ ಇಂಥ ತೊಂದರೆಯಾದ 465 ಪ್ರಕರಣಗಳು ವರದಿಯಾಗಿವೆ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ.

ಉಕ್ರೇನಿನಲ್ಲಿ ಈ ಗದ್ದಲ ಯುದ್ಧದ ನಿತ್ಯದ ಹವಾಮಾನವೇ ಆಗಿಹೋಗಿದೆ. ಉಕ್ರೇನ್ ತಿಂಗಳಿಗೆ ಸುಮಾರು 10,000 ಡ್ರೋನ್‌ಗಳನ್ನು ಕಳೆದುಕೊಳ್ಳುತ್ತಿದೆ ಎಂದು ಬ್ರಿಟನ್ನಿನ ರಕ್ಷಣಾ ಅಧ್ಯಯನ ಸಂಸ್ಥೆ ರೂಸಿ 2023ರಲ್ಲಿ ಅಂದಾಜು ಮಾಡಿತು. ಅವುಗಳಲ್ಲಿ ಬಹಳಷ್ಟನ್ನು ಬೀಳಿಸಿದ್ದು ಗುಂಡಲ್ಲ, ರಷ್ಯಾದ ಎಲೆಕ್ಟ್ರಾನಿಕ್ ಸಮರ ಉಪಕರಣಗಳು. ಅಮೆರಿಕ ಕೊಟ್ಟ ಎಕ್ಸ್‌ಕ್ಯಾಲಿಬರ್ ಎಂಬ ಫಿರಂಗಿ ಗುಂಡು ಜಿಪಿಎಸ್ ನೆರವಿನಿಂದ ಕೆಲವೇ ಮೀಟರಿನ ನಿಖರತೆಯಲ್ಲಿ ಗುರಿ ಮುಟ್ಟುತ್ತದೆ ಎಂಬ ಖ್ಯಾತಿ ಪಡೆದಿತ್ತು. ಜಾಮಿಂಗ್ ಬಲವಾದ ಮೇಲೆ ಅದೂ ಗುರಿ ತಪ್ಪತೊಡಗಿತು. ಹೀಗಾಗಿ ಜಗತ್ತಿನ ಎಲ್ಲ ದೊಡ್ಡ ಸೇನೆಗಳೂ ಈಗ ಉಪಗ್ರಹದ ಹಂಗಿಲ್ಲದೆ ದಾರಿ ಕಾಣುವ ಡ್ರೋನ್‌ಗಳ ಬೆನ್ನು ಹತ್ತಿವೆ. ಒಂದಲ್ಲ, ಹಿಂಡುಗಟ್ಟಲೆ.

ಮೇಲ್ನೋಟಕ್ಕೆ ಇದು ಬರೀ ಎಂಜಿನಿಯರಿಂಗ್ ಪ್ರಶ್ನೆ. ನನಗೆ ಹಾಗನ್ನಿಸುವುದಿಲ್ಲ. ಉಪಗ್ರಹದ ಸಿಗ್ನಲನ್ನು ನುಂಗುವ ಜಾಮಿಂಗ್ ಇರುವಲ್ಲಿ, ಡ್ರೋನಿಗೂ ಅದನ್ನು ನಡೆಸುವ ಸೈನಿಕನಿಗೂ ನಡುವಿನ ರೇಡಿಯೊ ಸಂಪರ್ಕವನ್ನು ನುಂಗುವ ಜಾಮಿಂಗೂ ಬಹುಮಟ್ಟಿಗೆ ಇರುತ್ತದೆ. ಡ್ರೋನ್ ತನ್ನ ನೆಲೆ ಕಳೆದುಕೊಳ್ಳುವುದೂ ತನ್ನ ಯಜಮಾನನನ್ನು ಕಳೆದುಕೊಳ್ಳುವುದೂ ಸಾಮಾನ್ಯವಾಗಿ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ. ಆದ್ದರಿಂದ ‘ತನ್ನ ದಾರಿಯನ್ನು ತಾನೇ ಕಂಡುಕೊಳ್ಳಲಿ’ ಎಂದು ಹೊರಟ ವಿನ್ಯಾಸ ‘ತನ್ನ ಗುರಿಯನ್ನೂ ತಾನೇ ಕಂಡುಕೊಳ್ಳಲಿ’ ಎಂಬಲ್ಲಿಗೆ ಬಂದು ನಿಲ್ಲುವುದಕ್ಕೆ ಬಹಳ ಹೊತ್ತು ಬೇಡ. ಎರಡಕ್ಕೂ ಬಳಕೆಯಾಗುವುದು ಅದೇ ಕ್ಯಾಮೆರಾ, ಅದೇ ಚಿಪ್. ಕೊಲ್ಲುವ ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸುತ್ತೇವೆ ಎಂದು ಯಾವ ಸರ್ಕಾರವೂ ಮೇಜು ಕುಟ್ಟಿ ಘೋಷಿಸಬೇಕಾಗಿಲ್ಲ. ಜಾಮಿಂಗ್ ಇದೆ, ಸಂಪರ್ಕ ಉಳಿಯುವುದಿಲ್ಲ, ಬೇರೆ ದಾರಿಯಿಲ್ಲ ಎನ್ನುತ್ತ ಒಂದೊಂದೇ ಮೆಟ್ಟಿಲು ಇಳಿದು ಅಲ್ಲಿಗೆ ತಲುಪಿಬಿಡಬಹುದು. ಅದು ನನ್ನ ಮೊದಲ ಆತಂಕ. ಎರಡನೆಯದು ಅದಕ್ಕಿಂತ ಸೂಕ್ಷ್ಮ, ಅದರ ಬಗ್ಗೆ ಮಾತು ಕಡಿಮೆ: ತಾನೆಲ್ಲಿದ್ದೇನೆ ಎಂಬುದೇ ಸರಿಯಾಗಿ ಗೊತ್ತಿಲ್ಲದ ಆಯುಧಕ್ಕೆ ಯುದ್ಧದ ಕಾನೂನನ್ನು ಪಾಲಿಸಲು ಸಾಧ್ಯವೇ?

ಇದಕ್ಕೆ ಉತ್ತರ ಹುಡುಕಬೇಕಾದರೆ ಉಪಗ್ರಹವಿಲ್ಲದೆ ಯಂತ್ರ ತನ್ನ ನೆಲೆಯನ್ನು ಹೇಗೆ ಲೆಕ್ಕ ಹಾಕುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಹಳೆಯ ವಿಧಾನವೊಂದು ಇನರ್ಷಿಯಲ್ ನ್ಯಾವಿಗೇಷನ್. ಡ್ರೋನಿನೊಳಗಿನ ಪುಟ್ಟ ಸಂವೇದಕಗಳು ಅದರ ವೇಗ ಎಷ್ಟು ಬದಲಾಯಿತು, ಎತ್ತ ತಿರುಗಿತು ಎಂಬುದನ್ನು ಕ್ಷಣಕ್ಷಣಕ್ಕೂ ಅಳೆಯುತ್ತವೆ. ಅದನ್ನು ಕೂಡಿಸುತ್ತ ಹೋದರೆ ಹೊರಟ ಜಾಗದಿಂದ ಎಷ್ಟು ದೂರ ಬಂದಿದ್ದೇವೆಂದು ತಿಳಿಯುತ್ತದೆ. ಇದನ್ನು ಜಾಮ್ ಮಾಡಲಾಗದು, ಏಕೆಂದರೆ ಹೊರಗಿನಿಂದ ಏನನ್ನೂ ಕೇಳುವ ಅಗತ್ಯವೇ ಇಲ್ಲ. ಆದರೆ ಅಳತೆಯ ಸಣ್ಣ ತಪ್ಪೂ ಕಾಲದ ವರ್ಗದಂತೆ ಬೆಳೆಯುತ್ತದೆ. ಗುರುತ್ವ ವೇಗೋತ್ಕರ್ಷದ ಸಾವಿರದ ಒಂದು ಪಾಲಿನಷ್ಟು ತಪ್ಪು ಸಂವೇದಕದಲ್ಲಿ ಉಳಿದುಕೊಂಡಿದೆ ಎನ್ನೋಣ. ಅಗ್ಗದ ಸಂವೇದಕಕ್ಕೆ ಅದೇನೂ ಅಸಾಧಾರಣವಲ್ಲ. ಒಂದು ನಿಮಿಷದ ನಂತರ ಡ್ರೋನಿನ ಲೆಕ್ಕ ಸುಮಾರು 18 ಮೀಟರ್ ತಪ್ಪಿರುತ್ತದೆ. ಹತ್ತು ನಿಮಿಷಕ್ಕೆ ತಪ್ಪು ನೂರು ಪಟ್ಟು, ಅಂದರೆ ಒಂದು ಮುಕ್ಕಾಲು ಕಿಲೋಮೀಟರ್. ಜಲಾಂತರ್ಗಾಮಿ ನೌಕೆಯಲ್ಲಿ ಬಹು ದುಬಾರಿಯ ಉಪಕರಣವಿಟ್ಟು ಈ ತಪ್ಪನ್ನು ಹಿಡಿತದಲ್ಲಿಡಬಹುದು. ಒಂದೇ ಸಲ ಹಾರಿ ಸಿಡಿದುಹೋಗುವ ಅಗ್ಗದ ಡ್ರೋನಿನಲ್ಲಿ ಅಷ್ಟು ಖರ್ಚು ಯಾರೂ ಮಾಡುವುದಿಲ್ಲ.

ಹಾಗಾಗಿ ಕಣ್ಣು ಬೇಕು. ಕೆಳಗಿನ ನೆಲ ಎಷ್ಟು ಬೇಗ ಹಿಂದೆ ಸರಿಯುತ್ತಿದೆ ಎಂಬುದನ್ನು ಕ್ಯಾಮೆರಾದಿಂದ ನೋಡಿ ವೇಗವನ್ನೂ ದೂರವನ್ನೂ ಅಂದಾಜು ಮಾಡುವುದು ಈಗ ಪ್ರಚಲಿತ ಮಾರ್ಗ. ಈ ವಿದ್ಯೆಯ ಹಿಂದೆ ಜೇನ್ನೊಣದ ಮೇಲೆ ನಡೆದ ಸಂಶೋಧನೆಯ ದೊಡ್ಡ ಪಾಲಿದೆ. ಆ ಸಂಶೋಧನೆಯಲ್ಲಿ ಬೆಂಗಳೂರಿನಲ್ಲಿ ಓದಿದ ವಿಜ್ಞಾನಿಯೊಬ್ಬರ ಹೆಸರು ಮುಂಚೂಣಿಯಲ್ಲಿದೆ. ಮಂಡ್ಯಂ ಶ್ರೀನಿವಾಸನ್ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಮುಂದೆ ಆಸ್ಟ್ರೇಲಿಯದಲ್ಲಿ ನೆಲೆನಿಂತವರು. ಜೇನ್ನೊಣ ತಾನು ಹಾರಿದ ದೂರವನ್ನು ಹೇಗೆ ಅಳೆಯುತ್ತದೆ ಎಂಬುದು ಅವರ ತಂಡದ ಪ್ರಶ್ನೆಯಾಗಿತ್ತು. ಆರು ಮೀಟರಿನಷ್ಟು ಉದ್ದದ ಇಕ್ಕಟ್ಟಾದ ಸುರಂಗವೊಂದನ್ನು ಮಾಡಿ, ಒಳಗೋಡೆಗಳ ಮೇಲೆಲ್ಲ ಚುಕ್ಕೆಚುಕ್ಕೆಯ ವಿನ್ಯಾಸ ಬರೆದು, ತುದಿಯಲ್ಲಿ ಸಕ್ಕರೆ ನೀರಿಟ್ಟರು. ಸುರಂಗದಲ್ಲಿ ಹಾರಿ ಗೂಡಿಗೆ ಮರಳಿದ ನೊಣ ತನ್ನ ಕುಣಿತದಲ್ಲಿ ಹೇಳಿದ್ದು ಇನ್ನೂರು ಮೀಟರಿಗೆ ಹತ್ತಿರದ ದೂರವನ್ನು! ಗೋಡೆ ಕಣ್ಣಿಗೆ ತೀರ ಸಮೀಪವಿದ್ದುದರಿಂದ ಚುಕ್ಕೆಗಳು ರಭಸವಾಗಿ ಹಿಂದೆ ಓಡಿದ್ದವು. ನೊಣ ಅದನ್ನೇ ದೂರವೆಂದು ಎಣಿಸಿತ್ತು. ಗೋಡೆಯ ಮೇಲೆ ಹಾರುವ ದಿಕ್ಕಿನಲ್ಲೇ ಉದ್ದುದ್ದ ಪಟ್ಟೆಗಳನ್ನು ಎಳೆದಾಗ ಫಲಿತಾಂಶ ಅದಲುಬದಲಾಯಿತು. ಆಗ ಕಣ್ಣಿನ ಮುಂದೆ ಏನೂ ಸರಿದಂತೆ ಕಾಣುವುದಿಲ್ಲ. ಅಷ್ಟೇ ದೂರ ಹಾರಿದ ನೊಣ, ಆಹಾರ ಗೂಡಿನ ಪಕ್ಕದಲ್ಲೇ ಇದೆ ಎಂಬಂತೆ ಕುಣಿಯಿತು.

ಈ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಮರುವರ್ಷ ಇದೇ ಗುಂಪಿನವರು ಸೇರಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಸುರಂಗದಿಂದ ಬಂದ ನೊಣದ ಕುಣಿತವನ್ನು ನೋಡಿದ ಬೇರೆ ನೊಣಗಳು ಏನು ಮಾಡುತ್ತವೆ? ಅವು ಸುರಂಗಕ್ಕೆ ಹೋಗಲಿಲ್ಲ. ಕುಣಿತ ಹೇಳಿದ ತಪ್ಪು ದೂರಕ್ಕೆ, ಆಹಾರವೇ ಇಲ್ಲದ ಬಯಲಿಗೆ ಹಾರಿಹೋಗಿ ಹುಡುಕಿದವು. ಒಂದು ನೊಣದ ಕಣ್ಣು ಮಾಡಿದ ತಪ್ಪು, ಯಾರೂ ಮೋಸ ಮಾಡದೆ, ಯಾರೂ ಸುಳ್ಳು ಹೇಳದೆ, ಗೂಡಿನ ತಪ್ಪಾಯಿತು. ಡ್ರೋನ್ ಹಿಂಡಿನ ಬಗ್ಗೆ ಓದುವಾಗೆಲ್ಲ ನನಗೆ ಈ ಎರಡನೆಯ ಪ್ರಯೋಗವೇ ಮತ್ತೆ ಮತ್ತೆ ನೆನಪಾಗುತ್ತದೆ.

ಕಣ್ಣಿಗೆ ಹಿಡಿದುಕೊಳ್ಳಲು ಗುರುತುಗಳಿಲ್ಲದಿದ್ದರೆ ಯಂತ್ರಕ್ಕೂ ಇದೇ ಗತಿ. ಮಂಗಳ ಗ್ರಹದ ಮೇಲೆ ಹಾರಿದ ಇಂಜೆನ್ಯುಯಿಟಿ ಹೆಲಿಕಾಪ್ಟರ್ ಇದಕ್ಕೆ ಸಾಕ್ಷಿ. ಅಲ್ಲಿ ಜಿಪಿಎಸ್ ಇಲ್ಲ, ಭೂಮಿಯಿಂದ ಹಿಡಿದು ನಡೆಸುವಂತೆಯೂ ಇಲ್ಲ. ಕೆಳಮುಖದ ಕ್ಯಾಮೆರಾದಿಂದ ನೆಲವನ್ನು ನೋಡುತ್ತಲೇ ಅದು ತನ್ನ ದಾರಿಯನ್ನು ಲೆಕ್ಕ ಹಾಕಬೇಕಿತ್ತು. ಐದು ಹಾರಾಟಕ್ಕೆಂದು ಕಳಿಸಿದ್ದ ಯಂತ್ರ 72 ಸಲ ಹಾರಿತು. 2024ರ ಜನವರಿ 18ರಂದು ಕಲ್ಲು, ಬಿರುಕು, ನೆರಳು ಏನೂ ಇಲ್ಲದ ನುಣ್ಣನೆಯ ಮರಳಿನ ಅಲೆಗಳ ಮೇಲೆ ಹಾರಿದಾಗ ಅದಕ್ಕೆ ಹಿಡಿದುಕೊಳ್ಳಲು ಗುರುತು ಸಿಗಲಿಲ್ಲ. ವೇಗದ ಅಂದಾಜು ತಪ್ಪಿ, ಇಳಿಯುವಾಗ ನೆಲಕ್ಕೆ ಬಲವಾಗಿ ಬಡಿದು, ರೋಟರ್ ರೆಕ್ಕೆಗಳು ಮುರಿದವು. ನಾಸಾದ ತನಿಖೆ ಮುಖ್ಯ ಕಾರಣವೆಂದು ಬೊಟ್ಟು ಮಾಡಿದ್ದು ನೆಲದ ಆ ನುಣುಪಿನತ್ತಲೇ. ಜಗತ್ತಿನ ಅತ್ಯುತ್ತಮ ಎಂಜಿನಿಯರುಗಳು, ವರ್ಷಗಟ್ಟಲೆ ಪರೀಕ್ಷೆ ಮಾಡಿ ಕಳಿಸಿದ ಯಂತ್ರದ ಕಥೆ ಇದು.

ಕಚ್ಛ್‌ನ ರಣ ಬರೀ ಬಿಳಿ ಉಪ್ಪಿನ ಬಯಲು. ಥಾರ್‌ನಲ್ಲಿ ಮರಳಿನ ದಿಬ್ಬ, ಸಿಯಾಚಿನ್‌ನಲ್ಲಿ ಹಿಮ, ಪಶ್ಚಿಮಕ್ಕೆ ಸಮುದ್ರ. ನಮ್ಮ ಗಡಿಯ ಎಷ್ಟೋ ಭಾಗ ಕ್ಯಾಮೆರಾ ಕಣ್ಣಿಗೆ ಅತ್ಯಂತ ಕಷ್ಟದ ನೆಲ. ಪಂಜಾಬಿಗೆ ಬಂದರೆ ಸಮಸ್ಯೆ ತಿರುಗುಮುರುಗು: ಅಲ್ಲಿ ಗುರುತುಗಳು ಹೇರಳ, ಆದರೆ ಗಡಿಯ ಆಚೆಗೂ ಈಚೆಗೂ ಅದೇ ಗೋಧಿ ಗದ್ದೆ, ಅದೇ ಕಾಲುವೆ, ಅದೇ ಇಟ್ಟಿಗೆಯ ಮನೆಗಳ ಊರು. ಕ್ಯಾಮೆರಾದ ಚಿತ್ರವನ್ನು ನಕ್ಷೆಯೊಂದಿಗೆ ಹೋಲಿಸಿ ನೆಲೆ ಹುಡುಕುವ ಯಂತ್ರಕ್ಕೆ ಒಂದರಂತೆಯೇ ಇರುವ ಎರಡು ಊರುಗಳು ಸಿಕ್ಕರೆ, ತಪ್ಪು ಊರನ್ನು ಪೂರ್ಣ ವಿಶ್ವಾಸದಿಂದ ಆರಿಸಿಕೊಳ್ಳುವ ಅಪಾಯವಿದೆ.

ಈಗ ಹಿಂಡಿಗೆ ಬರೋಣ. 2022ರ ಮೇ ತಿಂಗಳಲ್ಲಿ ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ಸಂಶೋಧಕರು ‘ಸೈನ್ಸ್ ರೊಬೊಟಿಕ್ಸ್’ ಪತ್ರಿಕೆಯಲ್ಲಿ ತಮ್ಮ ಪ್ರಯೋಗವೊಂದನ್ನು ಪ್ರಕಟಿಸಿದರು. ಅಂಗೈಯಗಲದ ಹತ್ತು ಡ್ರೋನ್‌ಗಳು ದಟ್ಟ ಬಿದಿರು ಮೆಳೆಯೊಳಗೆ ಜಿಪಿಎಸ್ ಇಲ್ಲದೆ, ಹೊರಗಿನ ಯಾವ ಕಂಪ್ಯೂಟರಿನ ನೆರವೂ ಇಲ್ಲದೆ, ಕಾಂಡಗಳಿಗೂ ಪರಸ್ಪರಕ್ಕೂ ತಾಗದಂತೆ ನುಸುಳಿಕೊಂಡು ಹೋದವು. ಪ್ರತಿಯೊಂದೂ ತನ್ನ ಕಣ್ಣಿನಿಂದ ನೋಡಿ, ತನ್ನ ತಲೆಯಲ್ಲೇ ಲೆಕ್ಕ ಹಾಕಿ, ತಾನು ಹೋಗುವ ದಾರಿಯನ್ನು ಉಳಿದವಕ್ಕೆ ತಿಳಿಸುತ್ತಿತ್ತು. ವಿಡಿಯೊ ನೋಡಿದರೆ ಮೈ ಜುಮ್ಮೆನ್ನುತ್ತದೆ. ಭೂಕಂಪದಲ್ಲಿ ಕುಸಿದ ಕಟ್ಟಡದ ಒಳಗೆ ಬದುಕಿರುವವರನ್ನು ಹುಡುಕಲು ಇಂಥ ಹಿಂಡಿಗಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಈ ವಿದ್ಯೆಯನ್ನೇ ನಿಲ್ಲಿಸಬೇಕು ಎಂಬ ವಾದ ನನ್ನದಲ್ಲ.

ಒಂದೊಂದು ಡ್ರೋನಿನ ಲೆಕ್ಕ ಬೇರೆಬೇರೆಯಾಗಿ ಜಾರುತ್ತದೆ. ಹಾಗಾಗಿ ಅವು ತಮ್ಮತಮ್ಮ ನಡುವಿನ ಅಂತರವನ್ನು ರೇಡಿಯೊದಿಂದಲೂ ಕ್ಯಾಮೆರಾದಿಂದಲೂ ಅಳೆದು ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತವೆ. ಇದನ್ನು ಹಿಂಡಿನ ದೊಡ್ಡ ಬಲವೆಂದು ಹೇಳಲಾಗುತ್ತದೆ. ಬಲ ಹೌದು, ಆದರೆ ಅದಕ್ಕೊಂದು ಮಿತಿಯಿದೆ, ಅದು ಗಣಿತದ ಮಿತಿ. ಪರಸ್ಪರ ಅಂತರದ ಅಳತೆ ಎಷ್ಟೇ ನಿಖರವಾಗಿದ್ದರೂ ಅದರಿಂದ ತಿಳಿಯುವುದು ಹಿಂಡಿನ ಆಕಾರ ಮಾತ್ರ. ಇಡೀ ಹಿಂಡು ಭೂಮಿಯ ಮೇಲೆ ಎಲ್ಲಿದೆ, ಯಾವ ದಿಕ್ಕಿಗೆ ತಿರುಗಿದೆ ಎಂಬುದು ಆ ಅಳತೆಯಿಂದ ಎಂದೂ ತಿಳಿಯದು. ದಟ್ಟ ಮಂಜಿನಲ್ಲಿ ಕೈಕೈ ಹಿಡಿದು ನಡೆಯುವವರಿಗೆ ಪಕ್ಕದವರು ಎಲ್ಲಿದ್ದಾರೆಂಬುದು ಚೆನ್ನಾಗಿ ಗೊತ್ತಿರುತ್ತದೆ; ಎಲ್ಲರೂ ಸೇರಿ ಕೆರೆಯ ಕಡೆ ನಡೆಯುತ್ತಿದ್ದೇವೆಯೇ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಹಿಂಡು ಒಳಗೊಳಗೇ ಪೂರ್ಣ ಒಮ್ಮತದಲ್ಲಿದ್ದು, ಒಟ್ಟಾಗಿ ಅರ್ಧ ಕಿಲೋಮೀಟರ್ ಪಕ್ಕಕ್ಕೆ ಸರಿದಿರಬಹುದು. ಒಂದೇ ಡ್ರೋನ್ ದಾರಿ ತಪ್ಪಿದರೆ ಒಂದೇ ಮನೆಗೆ ಅಪಾಯ. ಹಿಂಡು ದಾರಿ ತಪ್ಪಿದರೆ ಊರಿಗೆ.

ಯುದ್ಧದ ಕಾನೂನಿನೊಳಗೆ ಸ್ಥಳ ಎನ್ನುವುದು ಬಹಳ ಮುಖ್ಯ. ಆಸ್ಪತ್ರೆ, ಶಾಲೆ, ನಿರಾಶ್ರಿತರ ಶಿಬಿರ, ಅಣೆಕಟ್ಟುಗಳನ್ನು ‘ಇಲ್ಲಿ ಹೊಡೆಯಕೂಡದು’ ಎಂಬ ಪಟ್ಟಿಗೆ ಸೇರಿಸುವುದು ನಕ್ಷೆಯ ಮೇಲಿನ ಬಿಂದುಗಳಾಗಿ. ಸ್ವಯಂಚಾಲಿತ ಆಯುಧಗಳಿಗೆ ಕಡಿವಾಣ ಹೇಗಿರಬೇಕೆಂದು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ 2021ರಲ್ಲಿ ಮಂಡಿಸಿದ ನಿಲುವಿನಲ್ಲಿ, ಮನುಷ್ಯರನ್ನೇ ಗುರಿಯಾಗಿಸುವ ಸ್ವಯಂಚಾಲಿತ ಆಯುಧಗಳನ್ನು ಪೂರ್ತಿ ನಿಷೇಧಿಸಬೇಕೆಂಬ ಬೇಡಿಕೆಯ ಜೊತೆಗೆ, ಉಳಿದವುಗಳಿಗೆ ಗುರಿಯ ಬಗೆ, ಅವಧಿ ಮತ್ತು ಭೌಗೋಳಿಕ ವ್ಯಾಪ್ತಿಯ ಮಿತಿ ಹಾಕಬೇಕೆಂಬ ಸಲಹೆಯಿದೆ. ಒಳ್ಳೆಯ ಸಲಹೆ. ಸೇನೆಗಳೂ ಇದೇ ಭರವಸೆ ಕೊಡುತ್ತವೆ: ಇಷ್ಟು ಅಗಲದ ಪ್ರದೇಶದೊಳಗೆ ಮಾತ್ರ ಹೊಡೆಯುವಂತೆ ಬೇಲಿ ಹಾಕಿರುತ್ತೇವೆ, ಆಚೆ ಹೋದರೆ ಆಯುಧ ತಾನಾಗಿಯೇ ನಿಷ್ಕ್ರಿಯವಾಗುತ್ತದೆ. ಆದರೆ ಆ ಬೇಲಿ ಇರುವುದು ಯಂತ್ರದ ಲೆಕ್ಕದಲ್ಲಿ, ನೆಲದ ಮೇಲಲ್ಲ. ಲೆಕ್ಕ ಐನೂರು ಮೀಟರ್ ಜಾರಿದರೆ ಬೇಲಿಯೂ ಐನೂರು ಮೀಟರ್ ಜಾರುತ್ತದೆ. ತಾನು ಒಳಗೇ ಇದ್ದೇನೆಂದು ನಂಬಿಕೊಂಡೇ ಯಂತ್ರ ಹೊರಗೆ ಹೊಡೆಯುತ್ತದೆ.

ಈ ಕ್ಷೇತ್ರದ ಎಂಜಿನಿಯರುಗಳಿಗೆ ಈ ಜಾರುವಿಕೆ ಚೆನ್ನಾಗಿ ಗೊತ್ತು. ಅವರ ಪ್ರತಿಯೊಂದು ಲೆಕ್ಕಾಚಾರದಲ್ಲೂ ನೆಲೆಯ ಜೊತೆಗೆ ಇನ್ನೊಂದು ಸಂಖ್ಯೆ ಇದ್ದೇ ಇರುತ್ತದೆ: ಈ ಅಂದಾಜು ಎಷ್ಟು ಮೀಟರ್ ತಪ್ಪಿರಬಹುದು ಎಂಬ ಅನಿಶ್ಚಿತತೆಯ ಅಳತೆ. ನನ್ನ ಬೇಡಿಕೆ ಈ ಎರಡನೆಯ ಸಂಖ್ಯೆಯ ಕುರಿತು. ಯಂತ್ರದ ಸಂಶಯ ಒಂದು ಮಿತಿಯನ್ನು ದಾಟಿದರೆ, ಹೊಡೆಯುವ ಅಧಿಕಾರ ಅಲ್ಲಿಗೆ ಮುಗಿಯಬೇಕು. ಸಂಶಯ ಬೆಳೆದಷ್ಟೂ ನಿಷೇಧಿತ ಜಾಗಗಳ ಸುತ್ತಲಿನ ಬೇಲಿ ಅಷ್ಟೇ ಅಗಲವಾಗಬೇಕು. ಇದಕ್ಕೆ ಹೊಸ ವಿಜ್ಞಾನವೇನೂ ಬೇಡ, ಸಂಖ್ಯೆ ಆಗಲೇ ಯಂತ್ರದೊಳಗಿದೆ. ಬೇಕಾದದ್ದು ಅದಕ್ಕೆ ಕಾನೂನಿನ ಬಲ. ಹಾಗಿದ್ದೂ ಇದೊಂದೇ ಸಾಲದು ಎಂಬುದನ್ನು ಜೇನ್ನೊಣ ತೋರಿಸಿಕೊಟ್ಟಿದೆ: ಸುರಂಗದಿಂದ ಬಂದ ನೊಣಕ್ಕೆ ತನ್ನ ಲೆಕ್ಕದ ಬಗ್ಗೆ ಸಂಶಯವೇ ಇರಲಿಲ್ಲ. ಪೂರ್ಣ ವಿಶ್ವಾಸದಿಂದ ತಪ್ಪುವ ಯಂತ್ರವನ್ನು ತಡೆಯಲು ಮನುಷ್ಯನ ಕಣ್ಣೇ ಬೇಕು.

ಇದಕ್ಕೆ ಬರುವ ಎದುರುತ್ತರಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನುಷ್ಯರೇನು ತಪ್ಪು ಮಾಡುವುದಿಲ್ಲವೇ ಎಂಬುದು ಮೊದಲನೆಯದು. ಮಾಡುತ್ತಾರೆ. 2019ರ ಫೆಬ್ರುವರಿ 27ರ ಬೆಳಗ್ಗೆ ಕಾಶ್ಮೀರದ ಬಡಗಾಮಿನಲ್ಲಿ ನಮ್ಮದೇ ವಾಯುಪಡೆಯ ಎಂಐ-17 ಹೆಲಿಕಾಪ್ಟರನ್ನು ನಮ್ಮದೇ ಕ್ಷಿಪಣಿ ಹೊಡೆದುರುಳಿಸಿತು. ವಾಯುಪಡೆಯ ಆರು ಮಂದಿಯೂ ಒಬ್ಬ ನಾಗರಿಕರೂ ಸತ್ತರು. ಅಲ್ಲಿ ಗುಂಡಿ ಒತ್ತಿದ್ದು ಮನುಷ್ಯರೇ. ಆದರೆ ಮುಂದೇನಾಯಿತು ನೋಡಿ. ವಿಚಾರಣೆ ನಡೆಯಿತು, ಯಾರು ಯಾವಾಗ ಏನು ಹೇಳಿದರು, ಹೆಲಿಕಾಪ್ಟರ್ ನಮ್ಮದೆಂದು ಗುರುತಿಸುವ ವ್ಯವಸ್ಥೆಗೆ ಏನಾಗಿತ್ತು ಎಂಬುದನ್ನೆಲ್ಲ ಕೆದಕಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ವಾಯುಪಡೆಯ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಇದು ನಮ್ಮಿಂದಾದ ದೊಡ್ಡ ತಪ್ಪು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಅಧಿಕಾರಿಗಳ ಮೇಲೆ ಕ್ರಮ ಜರುಗಿತು. ಸತ್ತವರ ಮನೆಯವರಿಗೆ ಅದು ಸಮಾಧಾನ ತಂದಿತೆಂದು ನಾನು ಹೇಳಲಾರೆ. ಆದರೆ ಯಾರನ್ನು ಕೇಳಬೇಕು ಎಂಬುದಾದರೂ ಅವರಿಗೆ ಗೊತ್ತಿತ್ತು.

ಲಿಬಿಯಾದ ಉದಾಹರಣೆಯನ್ನು ಇದರ ಪಕ್ಕದಲ್ಲಿಡಬೇಕು. 2020ರಲ್ಲಿ ಅಲ್ಲಿನ ಅಂತರ್ಯುದ್ಧದಲ್ಲಿ ಹಿಮ್ಮೆಟ್ಟುತ್ತಿದ್ದ ಪಡೆಗಳನ್ನು ಟರ್ಕಿಯಲ್ಲಿ ತಯಾರಾದ ಕಾರ್ಗು-2 ಡ್ರೋನ್ ಬೆನ್ನಟ್ಟಿತ್ತೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2021ರಲ್ಲಿ ವರದಿ ಮಾಡಿತು. ಯಂತ್ರ ಆ ದಿನ ತಾನಾಗಿಯೇ ಗುರಿ ಆರಿಸಿತೇ, ಹಿಂದೆ ಮನುಷ್ಯನಿದ್ದನೇ ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ. ಮುಗಿಸುವುದಕ್ಕೆ ಬೇಕಾದ ದಾಖಲೆ ಯಾರೂ ಹೊರಗಿಟ್ಟಿಲ್ಲ. ಸ್ಫೋಟದೊಂದಿಗೇ ಸುಟ್ಟುಹೋಗುವ ಆಯುಧ ತನ್ನ ತೀರ್ಮಾನದ ಕಾರಣವನ್ನೂ ತನ್ನೊಂದಿಗೇ ಸುಟ್ಟುಬಿಡುತ್ತದೆ.

ಎರಡನೆಯ ಎದುರುತ್ತರ ಹೆಚ್ಚು ಗಟ್ಟಿ: ಶತ್ರು ಬಿಡುವುದಿಲ್ಲ, ನಾವು ಮಾತ್ರ ಕೈ ಕಟ್ಟಿಕೊಂಡು ಕೂರಬೇಕೇ? 2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆಗಳಲ್ಲಿ 300ರಿಂದ 400 ಡ್ರೋನ್‌ಗಳನ್ನು ಹಾರಿಸಿತೆಂದು ನಮ್ಮ ಸರ್ಕಾರ ಹೇಳಿತು. ಅಂಥ ರಾತ್ರಿಯಲ್ಲಿ ಒಂದೊಂದು ಡ್ರೋನಿಗೂ ಒಬ್ಬೊಬ್ಬ ಮನುಷ್ಯ ಯೋಚಿಸಿ ಉತ್ತರ ಕೊಡುವುದು ಆಗದ ಮಾತು. ಒಪ್ಪುತ್ತೇನೆ. ಬರುತ್ತಿರುವ ಡ್ರೋನನ್ನೋ ಕ್ಷಿಪಣಿಯನ್ನೋ ಗಾಳಿಯಲ್ಲಿಯೇ ಹೊಡೆಯಲು ಯಂತ್ರದ ವೇಗ ಬೇಕೇ ಬೇಕು. ಯುದ್ಧನೌಕೆಗಳಲ್ಲಿ ಅಂಥ ಬಂದೂಕುಗಳು ದಶಕಗಳಿಂದ ಇವೆ. ಅವು ಹೊಡೆಯುವುದು ಯಂತ್ರವನ್ನು. ದಾಳಿಯಲ್ಲೂ ಮನುಷ್ಯನನ್ನು ಪೂರ್ತಿ ಬಿಡಬೇಕಾಗಿಲ್ಲ: 2025ರ ಜೂನ್ 1ರಂದು ಉಕ್ರೇನ್ ರಷ್ಯಾದ ಒಳನಾಡಿನ ವಾಯುನೆಲೆಗಳ ಮೇಲೆ 117 ಡ್ರೋನ್‌ಗಳಿಂದ ದಾಳಿ ಮಾಡಿದಾಗ, ಅವುಗಳನ್ನು ಮನುಷ್ಯರು ಮೊಬೈಲ್ ಸಂಪರ್ಕದ ಮೂಲಕ ನಡೆಸುತ್ತಿದ್ದರು. ಸಂಪರ್ಕ ಕಡಿದುಹೋದರೆ ಮುಂದಿನ ದಾರಿ ಹಿಡಿಯಲು ಎಐ ನೆರವಿತ್ತು ಎಂದು ಉಕ್ರೇನಿನ ಭದ್ರತಾ ಸಂಸ್ಥೆ ಹೇಳಿತು. ಗುರಿ ಸೇನಾ ರನ್‌ವೇ ಪಕ್ಕ ನಿಂತಿದ್ದ ಬಾಂಬರ್ ವಿಮಾನಗಳು. ಮನುಷ್ಯನೇ ಗುರುತು ಮಾಡಿಕೊಟ್ಟ ಟ್ಯಾಂಕನ್ನು ಕೊನೆಯ ಕೆಲವು ನೂರು ಮೀಟರಿನಲ್ಲಿ ಜಾಮಿಂಗ್ ಮೀರಿ ಹಿಂಬಾಲಿಸುವ ತಂತ್ರವೂ ಅದೇ ಯುದ್ಧದಲ್ಲಿ ಬಳಕೆಗೆ ಬಂದಿದೆ. ಜಾಮಿಂಗ್ ಮುಟ್ಟಲಾರದ ಆಪ್ಟಿಕಲ್ ಫೈಬರ್ ಎಳೆಯನ್ನು ಬಿಚ್ಚಿಕೊಳ್ಳುತ್ತಲೇ ಹಾರುವ, ಕೊನೆಯವರೆಗೂ ಸೈನಿಕನ ಕಣ್ಣಿನಡಿ ಇರುವ ಡ್ರೋನ್‌ಗಳೂ ಅಲ್ಲಿ ಸಾವಿರಗಟ್ಟಲೆ ಹಾರುತ್ತಿವೆ. ಜಾಮಿಂಗ್ ಇದ್ದಮೇಲೆ ಪೂರ್ಣ ಸ್ವಾಯತ್ತತೆ ಅನಿವಾರ್ಯ ಎಂಬ ಮಾತನ್ನು ಆ ಯುದ್ಧಭೂಮಿಯೇ ಅಲ್ಲಗಳೆಯುತ್ತಿದೆ.

ಹಾಗಾಗಿ ನಾನು ಎಳೆಯುವ ಗೆರೆ ಇದು. ಉಪಗ್ರಹವಿಲ್ಲದೆ ಹಾರಲಿ. ಮನುಷ್ಯ ತೋರಿಸಿದ ಗುರಿಯನ್ನು ಹಿಂಬಾಲಿಸಲಿ. ಎದುರಿನಿಂದ ಬರುವ ಯಂತ್ರವನ್ನು ಹೊಡೆಯಲಿ. ಆದರೆ ಜನರ ನಡುವೆ ಇಳಿದು, ಯಾರು ಸೈನಿಕ ಯಾರು ರೈತ ಎಂದು ತಾನೇ ತೀರ್ಮಾನಿಸಿ ಕೊಲ್ಲುವ ಹಿಂಡು ಬೇಡ, ಅದು ಶತ್ರುವಿನ ಬಳಿ ಇದ್ದರೂ ನಮಗೆ ಬೇಡ. ಕಣ್ಣು ಕುರುಡಾಗಿಸುವ ಲೇಸರ್ ಆಯುಧಗಳನ್ನು ಅವು ಯುದ್ಧಭೂಮಿಯಲ್ಲಿ ಹರಡುವ ಮೊದಲೇ, 1995ರಲ್ಲೇ, ಒಪ್ಪಂದವೊಂದು ನಿಷೇಧಿಸಿತು. ಭಾರತ ಅದಕ್ಕೆ ಸೇರಿದೆ. ಶತ್ರು ಮಾಡಬಹುದು ಎಂಬ ವಾದ ಆಗಲೂ ಇತ್ತು.

ಭಾರತ ಈ ವಿಷಯದಲ್ಲಿ ದೂರ ನಿಂತು ನೋಡುವ ದೇಶವಲ್ಲ. 2021ರ ಜನವರಿ 15ರ ಸೇನಾ ದಿನದಂದು ದೆಹಲಿಯಲ್ಲಿ ನಮ್ಮ ಸೇನೆ 75 ಡ್ರೋನ್‌ಗಳ ದಾಳಿ ಹಿಂಡನ್ನು ಪ್ರದರ್ಶಿಸಿತು. ಅದರ ಹಿಂದಿದ್ದದ್ದು ಬೆಂಗಳೂರಿನ ಕಂಪನಿ. ದಾರಿ ತೋರುವ ನಮ್ಮದೇ ಉಪಗ್ರಹ ವ್ಯವಸ್ಥೆ ನಾವಿಕ್‌ನ ನ್ಯಾವಿಗೇಷನ್ ಕೇಂದ್ರವಿರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ, ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರವಿರುವುದು ಹಾಸನದಲ್ಲಿ. ಯುದ್ಧಕಾಲದಲ್ಲಿ ಪರದೇಶದ ಉಪಗ್ರಹವನ್ನು ನಂಬಿ ಕೂರುವಂತಿಲ್ಲ ಎಂಬ ಅರಿವಿನಿಂದ ಕಟ್ಟಿದ ವ್ಯವಸ್ಥೆ ಅದು. ಆದರೆ ಅದರ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟವು. 2025ರ ಜನವರಿಯಲ್ಲಿ ಹಾರಿಸಿದ ಎನ್‌ವಿಎಸ್-02 ನಿಗದಿತ ಕಕ್ಷೆ ಮುಟ್ಟಲಿಲ್ಲ. ಎಲ್ಲವೂ ಸರಿಯಿದ್ದರೂ ನಾವಿಕ್ ಸಿಗ್ನಲ್ ಬರುವುದು ಜಿಪಿಎಸ್‌ಗಿಂತ ಮೇಲಿನ, 36,000 ಕಿಲೋಮೀಟರ್ ಎತ್ತರದ ಕಕ್ಷೆಯಿಂದ. ಉಪಗ್ರಹ ನಮ್ಮದೇ ಆದರೂ ಗದ್ದಲದಲ್ಲಿ ಅದರ ದನಿಯೂ ಅಡಗುತ್ತದೆ. ಆದ್ದರಿಂದ ಉಪಗ್ರಹವಿಲ್ಲದ ಡ್ರೋನುಗಳ ಕೆಲಸ ಇಲ್ಲಿ ನಡೆಯುತ್ತದೆ, ನಡೆಯಬೇಕಾದದ್ದೇ.

ಹೀಗಿರುವಾಗ ವಿಶ್ವಸಂಸ್ಥೆಯಲ್ಲಿ ನಾವು ತಳೆದ ನಿಲುವು ನನಗೆ ಬೇಸರ ತರಿಸುತ್ತದೆ. 2017 ಮತ್ತು 2018ರಲ್ಲಿ ಜಿನೀವಾದಲ್ಲಿ ಈ ಆಯುಧಗಳ ಕುರಿತ ಸರ್ಕಾರಿ ತಜ್ಞರ ಮಾತುಕತೆಗೆ ಅಧ್ಯಕ್ಷರಾಗಿದ್ದವರು ನಮ್ಮ ರಾಜತಂತ್ರಜ್ಞ ಅಮನ್‌ದೀಪ್ ಸಿಂಗ್ ಗಿಲ್. ಆದರೆ 2023ರ ಡಿಸೆಂಬರಿನಲ್ಲಿ, ಸ್ವಯಂಚಾಲಿತ ಆಯುಧಗಳ ಬಗ್ಗೆ ದೇಶಗಳ ಅಭಿಪ್ರಾಯ ಸಂಗ್ರಹಿಸಿ ವರದಿ ಕೊಡುವಂತೆ ಮಹಾಕಾರ್ಯದರ್ಶಿಯನ್ನು ಕೋರುವ ನಿರ್ಣಯ ಸಾಮಾನ್ಯ ಸಭೆಗೆ ಬಂದಾಗ, 152 ದೇಶಗಳು ಪರವಾಗಿ ನಿಂತವು. ವಿರೋಧಿಸಿದ್ದು ನಾಲ್ಕೇ ದೇಶ. ರಷ್ಯಾ, ಬೆಲಾರೂಸ್, ಮಾಲಿ, ಭಾರತ. ಚರ್ಚೆ ಜಿನೀವಾದ ವೇದಿಕೆಯಲ್ಲೇ ನಡೆಯಬೇಕೆಂಬುದು ಭಾರತದ ಬಹುಕಾಲದ ನಿಲುವು. ಆ ವೇದಿಕೆ ನಡೆಯುವುದು ಸರ್ವಾನುಮತದ ಮೇಲೆ. ಒಂದೇ ದೇಶ ಬೇಡವೆಂದರೂ ಅಲ್ಲಿ ಏನೂ ಮುಂದೆ ಸಾಗದು. ಮನುಷ್ಯನ ಕೈಯಿಲ್ಲದ ಆಯುಧಗಳಿಗೆ ಕಡಿವಾಣ ಹಾಕುವ ಒಪ್ಪಂದ 2026ರೊಳಗೆ ಆಗಬೇಕೆಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯೂ ರೆಡ್‌ಕ್ರಾಸ್ ಅಧ್ಯಕ್ಷೆಯೂ ಒಟ್ಟಾಗಿ ಕರೆಕೊಟ್ಟದ್ದು ಅದೇ 2023ರ ಅಕ್ಟೋಬರಿನಲ್ಲಿ.

ಒಪ್ಪಂದಕ್ಕೆ ಕಾಯದೆಯೂ ನಾವು ಮಾಡಬಹುದಾದದ್ದಿದೆ. ಸೇನೆ ಡ್ರೋನ್ ಹಿಂಡಿಗೆ ಟೆಂಡರ್ ಕರೆಯುವಾಗ ವೇಗ, ದೂರ, ಹೊರುವ ತೂಕ ಕೇಳುವಂತೆಯೇ ಇವನ್ನೂ ಕೇಳಲಿ: ರಣದ ಉಪ್ಪಿನ ಮೇಲೆ, ಥಾರ್‌ನ ಮರಳಿನ ಮೇಲೆ, ಲಡಾಖಿನ ಹೊಸ ಹಿಮದ ಮೇಲೆ, ಜಿಪಿಎಸ್ ಪೂರ್ತಿ ಆರಿಸಿ, ಅರ್ಧ ಗಂಟೆ ಹಾರಿದ ಮೇಲೆ ಇಡೀ ಹಿಂಡು ಎಷ್ಟು ಮೀಟರ್ ತಪ್ಪಿರುತ್ತದೆ? ಆ ತಪ್ಪನ್ನು ಅದು ತಾನೇ ಗುರುತಿಸುತ್ತದೆಯೇ? ಗುರುತಿಸಿದಾಗ ಆಯುಧವನ್ನು ನಿಷ್ಕ್ರಿಯಗೊಳಿಸುತ್ತದೆಯೇ? ತಾನು ಎಲ್ಲಿದ್ದೇನೆಂದು ನಂಬಿತ್ತು, ಏನನ್ನು ಕಂಡಿತು, ಏಕೆ ಹೊಡೆಯಿತು ಎಂಬ ದಾಖಲೆಯನ್ನು ಸಿಡಿಯುವ ಮೊದಲು ಹಿಂಡಿನ ಬೇರೆ ಡ್ರೋನಿಗೆ ದಾಟಿಸಿ ಉಳಿಸುತ್ತದೆಯೇ? ಉತ್ತರಗಳು ರಕ್ಷಣಾ ಸಚಿವಾಲಯದೊಳಗೆ ಗುಟ್ಟಾಗಿಯೇ ಇರಲಿ, ಅಡ್ಡಿಯಿಲ್ಲ. ಪ್ರಶ್ನೆಗಳು ಮಾತ್ರ ಖರೀದಿಯ ಷರತ್ತಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿರಲಿ. ಈ ತಂತ್ರಾಂಶ ಬರೆಯುವ ಬೆಂಗಳೂರಿನ ತರುಣ ತರುಣಿಯರಿಗೆ ಅನಿಶ್ಚಿತತೆಯ ಆ ಸಂಖ್ಯೆ ಪರದೆಯ ಮೇಲೆ ದಿನವೂ ಕಾಣುತ್ತದೆ. ಅದು ಎಷ್ಟಾದಾಗ ಹಿಂಡು ತಡೆದು ನಿಲ್ಲಬೇಕು ಎಂಬುದನ್ನು ಅವರ ವಿವೇಚನೆಗೇ ಬಿಟ್ಟು ನಾವು ಸುಮ್ಮನಿರುವುದು ಅವರಿಗೂ ಅನ್ಯಾಯ, ಗಡಿಯ ಎರಡೂ ಬದಿಯ ಊರುಗಳಿಗೂ ಅನ್ಯಾಯ.